ಧೋತರ ಹಿಡಿದ ಮುಳ್ಳು

ಬಯಲುಸೀಮೆಯ ಒಂದು ಮಠ. ಸುತ್ತ ಕಲ್ಲು, ಬಿಸಿಲು. ಅಲ್ಲಿಯ ಗುರುಗಳನ್ನು ಎಲ್ಲರೂ ಅಪ್ಪಾರು ಎನ್ನುತ್ತಿದ್ದರು.

ಮಠಕ್ಕೊಂದು ಕಟ್ಟಳೆ. ದೀಕ್ಷೆಯ ದಿನ ಶಿಷ್ಯ ಮಠದ ನೆಲದಲ್ಲೇ ಅರಳಿದ ಹೂವನ್ನು ತಾನೇ ಕಿತ್ತು ತರಬೇಕು. ಹೂವಿಲ್ಲದಿದ್ದರೆ ದೀಕ್ಷೆ ಮುಂದಿನ ವರ್ಷ.

ಅಮರಯ್ಯನ ಸರದಿ ಚೈತ್ರಕ್ಕೆ ನಿಗದಿಯಾಯಿತು. ಅವನು ಚಳಿಗಾಲದಲ್ಲೇ ಮಲ್ಲಿಗೆ ನೆಡಲು ಹೊರಟ. ಜಾಗ ಬೇಕೆಂದು ಬಾವಿಯ ಹಿಂದಿನ ಕರೀರವೆಂಬ ಮುಳ್ಳುಪೊದೆಗೆ ಕೊಡಲಿ ಹಾಕಿದ.

ಅಪ್ಪಾರು ಬಂದರು.

“ಯಾಕ ಕಡೀತಿ?”

“ಸತ್ತೈತ್ರಿ ಅಪ್ಪಾರ. ಒಂದರ ಎಲಿ ಐತೇನ್ ನೋಡ್ರಿ.”

“ಸತ್ತೀನಿ ಅಂತ ಅದು ಹೇಳಿತೇನು?”

“ಸತ್ತದ್ದು ಹೇಳ್ತೈತೇನ್ರಿ?”

ಅಪ್ಪಾರು ತಿರುಗಿ ಮಠದೊಳಗೆ ಹೋದರು.

ಅಮರಯ್ಯ ಅರ್ಧ ಪೊದೆ ಕಡಿದಿದ್ದ. ಕೊಕ್ಕೆಯಂತೆ ಬಾಗಿದ ಜೋಡಿ ಮುಳ್ಳು ಧೋತರ ಹಿಡಿಯಿತು. ಜಗ್ಗಿದ. ಪರ್ರನೆ ಹರಿಯಿತು. “ಹಾಳಾಗಿ ಹೋಗು” ಎಂದು ಬೈದು, ಉಳಿದರ್ಧ ಬಿಟ್ಟು ಕೊಡಲಿ ಎಸೆದ. ತೆರವಾದಷ್ಟು ಜಾಗದಲ್ಲಿ ಮಲ್ಲಿಗೆ ನೆಟ್ಟ.

ಚೈತ್ರ ಬಂತು. ಬಾವಿಯ ತಳ ಕಂಡಿತು. ಮಲ್ಲಿಗೆ ಒಣಗಿ ಕಡ್ಡಿಯಾಯಿತು. ಅಮರಯ್ಯ ಆ ಕಡೆ ಹೋಗುವುದನ್ನೇ ಬಿಟ್ಟ.

ದೀಕ್ಷೆಯ ಬೆಳಗ್ಗೆ ಅವನ ಅವ್ವ ದೂರದೂರಿಂದ ನಡೆದು ಬಂದು ಕಟ್ಟೆಯ ಮೇಲೆ ಕೂತಿದ್ದಳು. ಅಮರಯ್ಯ ಬರಿಗೈಯಲ್ಲಿ ಅಪ್ಪಾರ ಮುಂದೆ ನಿಂತ.

“ಹೂವಿಲ್ರಿ. ಅವ್ವಗ ಏನಂತ ಹೇಳ್ಲಿ?”

“ಬಾವಿ ಹಿಂದ ನೋಡಿದೇನು?”

“ಅಲ್ಲೇನೈತ್ರಿ, ಸತ್ತ ಪೊದಿ.”

“ಹೋಗಿ ಬಾ.”

ಹೋದ. ನಿಂತುಬಿಟ್ಟ.

ಕಡಿಯದೆ ಬಿಟ್ಟ ಅರ್ಧ ಕೆಂಪಾಗಿತ್ತು. ಎಲೆಯಿಲ್ಲದ ಟೊಂಗೆಗಳ ತುಂಬ ಹೂವು. ಒಂದು ಟೊಂಗೆ ಮುಟ್ಟಿದ. ಧೂಳು ಉದುರಿತು. ಕೆಳಗೆ ಹಸಿರು.

ಬೊಗಸೆ ತುಂಬಿಕೊಂಡು ಓಡಿ ಬಂದ.

“ಮೆಲ್ಲಕ ಬಾರೋ, ಬಿದ್ದೀ!” ಅವ್ವ ಕಟ್ಟೆಯಿಂದ ಕೂಗಿದಳು. ನಗುತ್ತಿದ್ದಳು.

ಅಮರಯ್ಯ ಹೂವನ್ನು ಗುರುವಿನ ಪಾದಕ್ಕೆ ಸುರಿದ. ಆಗಲೇ ಅವನಿಗೆ ಉಸಿರು ಬಂದದ್ದು.

“ಎಲಿ ಇಲ್ದ ಅದು ಬದುಕೋದು ಹೆಂಗ್ರಿ ಅಪ್ಪಾರ?”

“ಎಲಿ ಇದ್ರ ಬಿಸಿಲು ಅದರ ನೀರು ಕುಡೀತೈತಿ. ಅದಕ್ಕ ಚಿಗುರಿದ ಎಲಿ ಬೇಗ ಉದುರಿಸಿಬಿಡ್ತೈತಿ. ಎಲಿ ಕೆಲಸ ಟೊಂಗಿ ಮಾಡ್ತೈತಿ.”

ಅಮರಯ್ಯ ತಲೆ ತಗ್ಗಿಸಿದ.

“ಇಷ್ಟು ಗೊತ್ತಿದ್ದೂ ಅವತ್ತು ನನ್ನ ತಡೀಲಿಲ್ಲಲ್ರಿ. ಪೂರಾ ಕಡದಿದ್ರ?”

ಅಪ್ಪಾರು ಅವನ ಧೋತರದ ಹೊಲಿಗೆಯನ್ನು ನೋಡಿದರು.

“ಅವತ್ತು ನಿನ್ನ ಧೋತರ ಹಿಡದಿದ್ದು ಯಾರಂತ ತಿಳದಿ?”