ಫಕೀರವ್ವನ ಕೂಗು

ಅದು ಯಾವ ಕಾಲವೋ ಹೇಳುವವರಿಲ್ಲ, ಹೊಳೆದಂಡೆಗೆ ಒಂದು ಊರಂತೂ ಇತ್ತು. ಆ ಊರಲ್ಲಿ ಸುಣ್ಣ ಮಾರುವ ಫಕೀರವ್ವ ಇದ್ದಳಂತೆ. ಅವಳು ‘ಸುಣ್ಣಾ’ ಅಂತ ಕೂಗಿದರೆ ಆಚೆ ದಂಡೆಯ ಎತ್ತುಗಳು ಹಗ್ಗ ಹರಿದುಕೊಳ್ಳುತ್ತಿದ್ದವಂತೆ. ಅವಳ ಗಂಟಲನ್ನು ಆಡಿಕೊಳ್ಳದವರಿರಲಿಲ್ಲ. ನನಗೆ ಅನ್ನ ಹಾಕಿದ್ದು ಈ ಗಂಟಲು, ನೀವಲ್ಲ ಅನ್ನುತ್ತಿದ್ದಳಂತೆ ಅವಳು.

ಒಂದು ವರ್ಷ ಬೆಟ್ಟದಾಚೆಯ ದೇಶದಲ್ಲಿ ಯುದ್ಧವಾಯಿತು. ಅಲ್ಲಿಯ ಜನ ಉಟ್ಟ ಬಟ್ಟೆಯಲ್ಲೇ ಓಡಿಬಂದು ಈ ದಂಡೆಗೆ ಗುಡಿಸಲು ಹಾಕಿಕೊಂಡರು. ಊರಿನ ವೈದ್ಯ ಚನ್ನಬಸಯ್ಯನ ಕೈಗುಣ ದೊಡ್ಡದು. ಆದರೆ ಅವನ ಜಗಲಿಯ ರೂಢಿಯೇ ಬೇರೆ: ಯಾರು ಜೋರಾಗಿ ನರಳುತ್ತಾರೋ ಅವರಿಗೆ ಮೊದಲು ಮದ್ದು. ಬಂದವರ ದೇಶದಲ್ಲೋ, ವೈದ್ಯನೆದುರು ನರಳುವುದೇ ಅಮರ್ಯಾದೆ. ಹೊಸ್ತಿಲಿಗೆ ಹೂವಿಟ್ಟು, ಅವನಾಗಿ ಕರೆಯುವ ತನಕ ನಗುತ್ತಾ ಕೂರಬೇಕು. ಹಾಗೆ ಕೂತವರನ್ನು ಇಲ್ಲಿ ರೋಗಿ ಅಂತ ಯಾರು ತಿಳಿದಾರು? ಹೂವು ಬಾಡುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು.

ಒಂದು ದಿನ ಗುಡಿಸಲಿನ ಮೋಯಾ, ಜ್ವರದಲ್ಲಿ ಕುದಿಯುವ ಕೂಸನ್ನು ಮಡಿಲಲ್ಲಿಟ್ಟುಕೊಂಡು ವೈದ್ಯನ ಜಗಲಿಯಲ್ಲಿ ಹಾಗೇ ನಗುತ್ತಾ ಕೂತಿದ್ದಳಂತೆ. ಸುಣ್ಣ ಕೊಡಲು ಬಂದ ಫಕೀರವ್ವ ಕೂಸಿನ ಹಣೆ ಮುಟ್ಟಿದಳು. ಬುಟ್ಟಿ ಇಳಿಸಿದಳು. “ಅಯ್ಯಯ್ಯೋ, ಸತ್ತೆನೋ ಯಪ್ಪಾ!” ಅಂತ ಕೂಗಿದಳು ನೋಡಿ, ವೈದ್ಯನ ಕೈಯ ಕುಟ್ಟಾಣಿ ಉರುಳಿ ಬಿತ್ತಂತೆ.

“ಎಲ್ಲೈತಬೇ ನೋವು?” ಅಂತ ಅವನು ಓಡಿಬಂದ.

“ನನಗೇನಾಗೈತ್ರೀ, ಗುಂಡಕಲ್ಲು ಇದ್ದಂಗ ಅದೀನಿ. ಈಕಿಗೆ ಚೀರಾಕ ಬರಂಗಿಲ್ಲ, ಅದಕ್ಕ ನಾ ಚೀರಿದೆ. ಮೊದಲು ಕೂಸು ನೋಡ್ರಿ, ಆಮ್ಯಾಲ ನನ್ನ ಬೈರಿ.”

ವೈದ್ಯ ಕೂಸನ್ನು ನೋಡಿ ಮದ್ದು ಹಾಕಿದ. ಆಮೇಲೆ ಮರೆಯದೆ ಬೈದನಂತೆ. ಕೂಸು ಉಳಿಯಿತು.

ಅಂದಿನಿಂದ ಗುಡಿಸಲಿನವರ ಪಾಲಿನ ನರಳಾಟವನ್ನೆಲ್ಲ ಫಕೀರವ್ವನೇ ನರಳಿದಳಂತೆ. ಹೊಟ್ಟೆನೋವಿಗೆ ಒಂದು ರಾಗ, ಹಲ್ಲುನೋವಿಗೆ ಇನ್ನೊಂದು. ಅವರಿಗೂ ಕಲಿಸಹೋದಳು. ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರೇ ಹೊರತು ಒಬ್ಬರಿಗೂ ದನಿ ಏಳಲಿಲ್ಲ.

ಕಡೆಗೊಮ್ಮೆ ಫಕೀರವ್ವನ ಗಂಟಲೇ ಬಾತುಕೊಂಡಿತು. ಉಸಿರು ಸಿಕ್ಕಿ, ಸ್ವರ ಹೊರಡದೆ, ಜಗಲಿಯ ತುದಿಗೆ ಒರಗಿದಳು. ನರಳುವವರ ಗದ್ದಲದಲ್ಲಿ ಅವಳನ್ನು ಯಾರೂ ನೋಡಲಿಲ್ಲ. ಮೋಯಾ ನೋಡಿದಳು. ಹೊಸ್ತಿಲಿಗೆ ಹೂವಿಟ್ಟಳು. ಆಮೇಲೆ ಎದ್ದು ನಿಂತು, ಕಣ್ಣು ಮುಚ್ಚಿ, ತನಗೆ ಬರುತ್ತಿದ್ದ ಒಂದೇ ಕೂಗನ್ನು ಕೂಗಿದಳಂತೆ: “ಸುಣ್ಣಾ!”

ಆಚೆ ದಂಡೆಯ ಎತ್ತುಗಳು ಹಗ್ಗ ಹರಿದುಕೊಂಡವಂತೆ. ಕುಟ್ಟಾಣಿ ಮತ್ತೆ ಉರುಳಿತಂತೆ. ಬದುಕಿಕೊಂಡ ಫಕೀರವ್ವ ಮೊದಲು ಆಡಿದ ಮಾತು, ರಾಗ ಚೂರು ತಪ್ಪಿತ್ತು ಅಂತ.

ಈಗ ಆ ಊರಲ್ಲಿ ದೊಡ್ಡ ದವಾಖಾನೆಯಿದೆ. ಹೊಸಬರು ಯಾರಾದರೂ ಸುಮ್ಮನೆ ಕೂತಿದ್ದರೆ ಪಕ್ಕದವರು ಎದ್ದು, ಬಾಗಿಲಿಗೊಂದು ಹೂವಿಟ್ಟು, ‘ಸುಣ್ಣಾ’ ಅಂತ ಕೂಗುತ್ತಾರೆ. ಡಾಕ್ಟರು ಎಷ್ಟೇ ಓದಿರಲಿ, ಕೈಯಲ್ಲಿರುವುದನ್ನು ಬಿಟ್ಟು ಓಡಿಬರುತ್ತಾರೆ.