ಹಾಲಿನವಳ ಮನೆಯ ಜ್ವರ

"ಗುರುಗಳೇ, ನನ್ನ ಮಕ್ಕಳ ಓದು ಮುಗಿಯಿತು. ಮನೆಯಲ್ಲಿ ಯಾರಿಗೂ ಕಾಯಿಲೆಯಿಲ್ಲ. ಊರಿನವರ ಶಾಲೆಗೆ, ಆಸ್ಪತ್ರೆಗೆ ನಾನೇಕೆ ತೆರಿಗೆ ಕೊಡಬೇಕು?" ಎಂದು ಜವಳಿ ವ್ಯಾಪಾರಿ ಚನ್ನವೀರಪ್ಪ ಕೇಳಿದ.

ಗುರುಗಳು ನಕ್ಕರು. "ಬಾರಯ್ಯ, ಕೂತುಕೋ. ಈಗಷ್ಟೇ ತೆರಿಗೆ ಕಟ್ಟಿ ಬಂದ ಮುಖ ನಿನ್ನದು" ಎಂದು ಕತೆ ಶುರು ಮಾಡಿದರು.

ಒಂದು ಹೊಳೆ. ಎರಡು ದಡದಲ್ಲಿ ಎರಡು ರಾಜ್ಯ. ಈಚೆ ದಡದಲ್ಲಿ ಅವರವರ ಪಾಡು ಅವರವರಿಗೆ. ಕಾಸಿದ್ದವನಿಗೆ ವೈದ್ಯ, ಕಾಸಿದ್ದವನ ಮಕ್ಕಳಿಗೆ ಓದು. ಆಚೆ ದಡದಲ್ಲಿ ಸುಗ್ಗಿಯಾದರೆ ಕಣದ ರಾಶಿಯ ಮೊದಲ ಕೊಳಗ ಅರಮನೆಗೆ. ಅದರಿಂದಲೇ ಊರೂರಿಗೂ ಒಬ್ಬ ವೈದ್ಯ, ಒಬ್ಬ ಮೇಷ್ಟ್ರು. ಮನೆಯ ಪಾಲು ಆಮೇಲೆ.

ಈಚೆ ದಡದಲ್ಲಿ ಒಬ್ಬ ವರ್ತಕನಿದ್ದ. ಒಬ್ಬಳೇ ಮಗಳು, ಅವಳೆಂದರೆ ಪ್ರಾಣ. ಅವಳಿಗೆಂದೇ ಒಬ್ಬ ವೈದ್ಯನನ್ನು ಮನೆಯಲ್ಲಿ ಇಟ್ಟುಕೊಂಡಿದ್ದ. ಎಂಥ ಜಾಣ ನೋಡು. ಆದರೂ ಮಗಳಿಗೆ ಜ್ವರ ಬಂತು. ವಾಸಿಯಾಯಿತು, ಮತ್ತೆ ಬಂತು. ಕೊನೆಗೆ ವೈದ್ಯ ಕೈಚೆಲ್ಲಿದ. ವರ್ತಕ ಅಳುತ್ತಲೇ ಮಗಳನ್ನು ಹೊತ್ತು ಹೊಳೆ ದಾಟಿದ.

ಆಚೆ ದಡದ ವೈದ್ಯ ಮದ್ದು ಕೊಟ್ಟು ಛತ್ರದಲ್ಲಿ ಉಳಿಸಿಕೊಂಡ. ಹುಡುಗಿ ಚೇತರಿಸಿಕೊಂಡಳು. ಒಂದು ಬೆಳಿಗ್ಗೆ ಛತ್ರದ ಹಾಲಿನವಳು ಬರಿಗೈಯಲ್ಲಿ ಬಂದಳು.

"ಇವತ್ತು ಹಾಲಿಲ್ಲ ಸ್ವಾಮಿ. ನನ್ನ ಮಗುವಿಗೆ ಜ್ವರ. ಜ್ವರದ ಮನೆಯ ಹಾಲು ಹೊರಗೆ ಹೋಗಬಾರದು ಅಂತ ಶಾಲೆಯಲ್ಲಿ ಕಲಿಸಿದ್ದಾರೆ."

"ಹಾಗಾದರೆ ನಿನ್ನ ಹೊಟ್ಟೆಪಾಡು?"

"ವೈದ್ಯರಿಗೆ ಏನೂ ಕೊಡಬೇಕಿಲ್ಲವಲ್ಲ. ನಾಲ್ಕು ದಿನ ಹೇಗೋ ಆಗುತ್ತೆ."

ವರ್ತಕನಿಗೆ ಆಗ ಹೊಳೆಯಿತು. ತನ್ನೂರಿನ ಹಾಲಿನವಳಿಗೂ ಒಂದು ಮಗುವಿತ್ತು. ಅದು ಜ್ವರದಲ್ಲಿ ಮಲಗಿದ್ದು ಅವನ ಕಿವಿಗೆ ಬಿದ್ದಿತ್ತು. ನನಗೇನು ಎಂದು ಸುಮ್ಮನಿದ್ದ. ಅದೇ ಮನೆಯ ಹಾಲನ್ನು ಮಗಳಿಗೆ ತನ್ನ ಕೈಯಾರೆ ಕುಡಿಸಿದ್ದ.

ಊರಿಗೆ ಮರಳಿದವನು ಮೊದಲು ತನ್ನ ಮನೆಯ ವೈದ್ಯನನ್ನು ಹಾಲಿನವಳ ಗುಡಿಸಲಿಗೆ ಕಳಿಸಿದ. ಆ ಮಗು ಎದ್ದು ಓಡಾಡಿತು. ಸುಗ್ಗಿ ಬಂದಾಗ ತನ್ನ ಹೊಲದ ಮೊದಲ ಕೊಳಗವನ್ನು ಊರ ಪಾಲಿಗೆ ಸುರಿದ. ತಲೆ ಕೆಟ್ಟಿದೆ ಎಂದು ಜನ ಆಡಿಕೊಂಡರು. ಮರುವರ್ಷ ಆಡಿಕೊಂಡವರಲ್ಲೇ ಕೆಲವರು ತಂದು ಸುರಿದರು. ಊರಿಗೆ ವೈದ್ಯ ಬಂದ, ಮೇಷ್ಟ್ರು ಬಂದರು. ಹಾಲಿನವಳ ಮಗುವೂ ವರ್ತಕನ ಮಗಳೂ ಒಂದೇ ಚಾಪೆಯ ಮೇಲೆ ಕೂತು ಅಕ್ಷರ ತಿದ್ದಿದರು.

ಚನ್ನವೀರಪ್ಪ ತಲೆದೂಗಿದ. "ಕತೆ ಚೆನ್ನಾಗಿದೆ ಗುರುಗಳೇ. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದಾರಲ್ಲ."

"ಇವತ್ತು ನಿಮ್ಮ ಮನೆಗೆ ಹಾಲು ಹಾಕಿದವಳ ಮಗು ಹೇಗಿದೆಯಪ್ಪ?"