ಮದ್ದಿನ ವ್ಯಾಪಾರಿಯೂ ಬೆಲ್ಲದ ನೀರೂ

"ಗುರುಗಳೇ, ಕೊಡಲು ಹೋದವರು ನೊಂದವರಿಂದ ಏನನ್ನೂ ತೆಗೆದುಕೊಳ್ಳಬಾರದು ಎಂಬ ನಿಯಮ ಸರಿಯಲ್ಲವೇ?" ಎಂದು ಶಿವಲೀಲಾ ಕೇಳಿದಳು.

ಅವಳು ಔಷಧ ಕಂಪನಿಯೊಂದರ ಡಾಕ್ಟರು. ಕಂಪನಿಯ ಪರಿಹಾರ ತಂಡದೊಡನೆ ನೆರೆ ಬಂದ ಊರುಗಳಿಗೆ ಹೋಗಿ, ಹದಿನೈದು ದಿನ ದುಡಿದು, ಆ ದಿನವಷ್ಟೇ ಮಠಕ್ಕೆ ಬಂದಿದ್ದಳು. ಸಂತ್ರಸ್ತರ ಮನೆಯಲ್ಲಿ ಒಂದು ಲೋಟ ಚಹಾ ಕೂಡ ಕುಡಿಯಬಾರದೆಂದು ಕಂಪನಿ ಬರೆದುಕೊಟ್ಟಿತ್ತು. ಅವಳು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಆದರೂ ಮನಸ್ಸಿನಲ್ಲಿ ಏನೋ ಚುಚ್ಚುತ್ತಿತ್ತು.

"ನಿಯಮ ಒಳ್ಳೆಯದೇ," ಗುರುಗಳು ಹೇಳಿದರು. "ಒಳ್ಳೆಯವರು ಮಾಡಿದ ನಿಯಮ. ಕೆಟ್ಟವರು ಮಾಡಿದ್ದಾಗಿದ್ದರೆ ನೀನು ನನ್ನನ್ನು ಕೇಳುವ ಅಗತ್ಯವೇ ಇರಲಿಲ್ಲ. ಮೊದಲು ಕೂತುಕೋ. ನಿಂತುಕೊಂಡು ಕೇಳಿದ ಪ್ರಶ್ನೆಗೆ ನಾನು ಉತ್ತರ ಹೇಳುವವನಲ್ಲ."

ಅವಳು ಕೂತಳು. ಗುರುಗಳು ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ಮದ್ದಿನ ವ್ಯಾಪಾರಿ ಇದ್ದ. ನಲವತ್ತು ಜನ ಅವನಲ್ಲಿ ಬೇರು ಕುಟ್ಟುತ್ತಿದ್ದರು, ಪುಡಿ ಜರಡಿ ಹಿಡಿಯುತ್ತಿದ್ದರು. ವ್ಯಾಪಾರದಲ್ಲಿ ಬಲು ಗಟ್ಟಿಗ. ಆದರೆ ಎದುರಿಗೆ ಯಾರಾದರೂ ಅತ್ತರೆ ಕರಗಿಬಿಡುತ್ತಿದ್ದ. ಅಂಥವರನ್ನು ಕಂಡರೆ ನನಗೆ ಇಷ್ಟ.

ಒಂದು ವರ್ಷ ಹೊಳೆ ಉಕ್ಕಿ ಕೆಳಗಿನ ಊರು ಮುಳುಗಿತು. ಜನ ದಿಬ್ಬದ ಮೇಲೆ ಗುಡಿಸಲು ಹಾಕಿಕೊಂಡರು. ನೀರು ಇಳಿದ ಮೇಲೆ ವಾಂತಿಭೇದಿ ಹತ್ತಿತು. ವ್ಯಾಪಾರಿ ಸುದ್ದಿ ಕೇಳಿದವನೇ ಅಂಗಡಿ ಮುಚ್ಚಿಸಿ, ಮೂರು ಬಂಡಿ ಕಷಾಯದ ಪುಡಿ ಹೇರಿಸಿದ. ಹೊರಟ ಆಳುಗಳಿಗೆ ಒಂದೇ ಮಾತು ಹೇಳಿದ: "ಎಲ್ಲ ಕಳೆದುಕೊಂಡವರು ಅವರು. ಅವರ ಮನೆಯ ಹನಿ ನೀರನ್ನೂ ಮುಟ್ಟಬೇಡಿ."

ಆಳುಗಳು ತಮ್ಮ ಅಕ್ಕಿ, ತಮ್ಮ ನೀರಿನ ಕೊಡ, ಕೊನೆಗೆ ಉಪ್ಪನ್ನು ಸಹ ಕಟ್ಟಿಕೊಂಡು ಹೋದರು. ಗುಡಿಸಲಿಂದ ಗುಡಿಸಲಿಗೆ ಪೊಟ್ಟಣ ಹಂಚಿದರು. ಮನೆಗೆ ಬಂದವರಿಗೆ ಮೊದಲು ಬೆಲ್ಲದ ನೀರು ಕೊಡುವುದು ಆ ಕಡೆಯ ರೂಢಿ. ನೆರೆಯಲ್ಲಿ ಹೇಗೋ ಉಳಿದಿದ್ದ ಬೆಲ್ಲದ ಚೂರನ್ನು ಹುಡುಕಿ, ಕರಗಿಸಿ, ಚೊಂಬು ಹಿಡಿದು ಹೆಂಗಸರು ಬಾಗಿಲಲ್ಲಿ ನಿಂತರು. ಆಳುಗಳು ಕೈಮುಗಿದು ಬೇಡವೆಂದರು. ಜಾತಿಯ ಮಾತಲ್ಲ ಇದು. ಬೇರೆ ದಿನಗಳಲ್ಲಿ ಅದೇ ಊರಲ್ಲಿ ಉಂಡು ಹೋಗುತ್ತಿದ್ದವರೇ ಅವರು.

ಮೂರು ದಿನ ಕಳೆಯಿತು. ರೋಗ ಇಳಿಯಲಿಲ್ಲ. ಪೊಟ್ಟಣಗಳು ಗುಡಿಸಲುಗಳ ಸೂರಿನಲ್ಲಿ ಸಿಕ್ಕಿಸಿದಂತೆಯೇ ಇದ್ದವು. ಕಟ್ಟಿದ ದಾರ ಸಹ ಯಾರೂ ಬಿಚ್ಚಿರಲಿಲ್ಲ. ಕೇಳಿದರೆ ಜನ ವಿನಯದಿಂದ, "ಕುಡೀತೀವ್ರೀ, ಕುಡೀತೀವಿ" ಎನ್ನುತ್ತಿದ್ದರು. ವ್ಯಾಪಾರಿಗೆ ಇದು ತಿಳಿಯಿತು. ಮದ್ದು ಕಹಿಯಾಗಿರಬೇಕೆಂದುಕೊಂಡು ಪುಡಿಗೆ ಏಲಕ್ಕಿ ಬೆರೆಸಿ, ತಾನೇ ಹೊತ್ತುಕೊಂಡು ಬಂದ. ಬುದ್ಧಿವಂತರ ಬುದ್ಧಿ ಮೊದಲು ಸರಕಿನ ಕಡೆಗೇ ಓಡುತ್ತದೆ.

ಆ ಊರಿನಲ್ಲಿ ಒಬ್ಬ ಮುದುಕಿ ಸೂಲಗಿತ್ತಿ ಇದ್ದಳು. ಅರ್ಧ ಊರು ಅವಳ ಕೈಯಲ್ಲೇ ಹುಟ್ಟಿದ್ದು. ಅವಳು ಹೂಂ ಅಂದರೆ ಊರು ಹೂಂ. ಅವಳು ಊಹೂಂ ಅಂದರೆ ಮುಗಿಯಿತು. ಅವಳಿಗೂ ರೋಗ ಹತ್ತಿ ಎರಡು ದಿನವಾಗಿತ್ತು, ಕಣ್ಣು ಗುಳಿಬಿದ್ದಿತ್ತು. ಮದ್ದು ಕುಡಿಯದಿದ್ದರೆ ಇವಳು ನಾಳೆಗೆ ಉಳಿಯುವುದಿಲ್ಲ, ಇವಳು ಕುಡಿಯದೆ ಊರು ಕುಡಿಯುವುದಿಲ್ಲ ಎಂದು ವ್ಯಾಪಾರಿಗೆ ನೋಡಿದೊಡನೆ ಗೊತ್ತಾಯಿತು.

ಅವನನ್ನು ಕಂಡು ಮುದುಕಿ ಕಂಬ ಹಿಡಿದು ಎದ್ದಳು. ಒಂದು ಚೊಂಬು ಬೆಲ್ಲದ ನೀರು ತಂದು ಮುಂದಿಟ್ಟಳು. ಅಷ್ಟಕ್ಕೇ ಅವಳಿಗೆ ಏದುಸಿರು ಬಂತು.

"ಬೇಡ ತಾಯಿ, ನೀವೇ ಕಷ್ಟದಲ್ಲಿದ್ದೀರಿ. ಮೊದಲು ಈ ಮದ್ದು ಕುಡಿಯಿರಿ," ಅಂದ ವ್ಯಾಪಾರಿ.

ಮುದುಕಿ ಪೊಟ್ಟಣವನ್ನು ತಿರುಗಿ ಅವನ ಕೈಯಲ್ಲೇ ಇಟ್ಟಳು.

"ಯಪ್ಪಾ, ಬಂದವರು ನೀರು ಮುಟ್ಟದ ಎದ್ದು ಹೋಗೂದು ಯಾವ ಮನಿಯಾಗ, ಹೇಳು? ಹೆಣ ಎತ್ತಿದ ಮನಿಯಾಗ. ನಿನ್ನ ಮಂದಿ ಮನಿಮನಿಗೆ ಬಂದು ಹಂಗ ಹೋದರು. ನಾವು ಇನ್ನಾ ಸತ್ತಿಲ್ಲಪಾ. ಸತ್ತವರಿಗೆ ತಂದ ಮದ್ದು ನಾವು ಹ್ಯಾಂಗ ಕುಡಿಯೂಣು?"

ವ್ಯಾಪಾರಿ ಪೊಟ್ಟಣವನ್ನು ಕೆಳಗಿಟ್ಟ. ಅವನ ಊರಲ್ಲೂ ಅದೇ ರೂಢಿ. ಸಾವಿನ ಮನೆಗಳಿಂದ ಅವನೂ ಎಷ್ಟೋ ಸಲ ನೀರು ಮುಟ್ಟದೆ, ಹೋಗಿಬರುತ್ತೇನೆ ಎಂದೂ ಹೇಳದೆ ಎದ್ದು ಬಂದಿದ್ದ. ಗೊತ್ತಿದ್ದ ಸಂಗತಿಯೇ. ಕೊಡುವ ಭರದಲ್ಲಿ ನೆನಪಾಗಿರಲಿಲ್ಲ.

ಅವನು ಚೊಂಬಿನ ಕಡೆ ನೋಡಿದ. ಹೊಳೆಯ ಕದಡು ನೀರು. ರೋಗ ಇದ್ದದ್ದೇ ಅದರಲ್ಲಿ. ಕುಡಿದರೆ ತನಗೂ ಹತ್ತುತ್ತದೆ, ಬೇಡವೆಂದರೆ ಇವಳು ಸಾಯುತ್ತಾಳೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ.

"ಅವ್ವಾ, ನನಗೆ ತಣ್ಣೀರು ಆಗೋದಿಲ್ಲ. ಇದನ್ನು ಕುದಿಸಿ ಕೊಡು. ಚೆನ್ನಾಗಿ ಉಕ್ಕಬೇಕು ನೋಡು."

ಮುದುಕಿಯ ಮುಖ ಅರಳಿತು. "ಬೀಗರಗತೆ ಬೇಡಾಕತ್ತೀಯಲ್ಲೋ!" ಎಂದು ಬೈಯುತ್ತಲೇ ಒಲೆ ಹಚ್ಚಿದಳು. ಒಂದು ಗಡಿಗೆಯಲ್ಲಿ ಅವನ ಬೆಲ್ಲದ ನೀರು, ಇನ್ನೊಂದರಲ್ಲಿ ಅವಳ ಕಷಾಯ ಕುದಿಯಿತು. ಇಬ್ಬರೂ ಎದುರುಬದುರು ಕೂತು ಕುಡಿದರು.

ಮರುದಿನ ಆಳುಗಳಿಗೆ ಹೊಸ ಅಪ್ಪಣೆಯಾಯಿತು. ಪ್ರತಿ ಗುಡಿಸಲಿನಲ್ಲೂ ಕೂತು, ಕುದಿಸಿದ ಬೆಲ್ಲದ ನೀರು ಕೇಳಿ ಕುಡಿದ ಮೇಲೆಯೇ ಮದ್ದಿನ ಮಾತು ಎತ್ತಬೇಕು. ಪಾಪ, ಸಂಜೆಯ ಹೊತ್ತಿಗೆ ಒಬ್ಬೊಬ್ಬನ ಹೊಟ್ಟೆಯೂ ಗುಡಾಣವಾಗಿತ್ತು. ಬಂದವರಿಗೆಂದು ಊರು ನೀರು ಕುದಿಸಿತು, ಮಿಕ್ಕದ್ದನ್ನು ತಾನೂ ಕುಡಿಯಿತು. ಸೂರಿನ ಪೊಟ್ಟಣಗಳೂ ಕೆಳಗಿಳಿದವು. ವಾರದೊಳಗೆ ರೋಗ ಕಾಲುಕಿತ್ತಿತು. ಕಷಾಯದಿಂದ ಹೋಯಿತೋ, ಕುದಿಸಿದ ನೀರಿನಿಂದ ಹೋಯಿತೋ ವ್ಯಾಪಾರಿಗೆ ಕೊನೆಯವರೆಗೂ ತೀರ್ಮಾನಿಸಲಾಗಲಿಲ್ಲ. ನನಗೂ ಗೊತ್ತಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿವಲೀಲಾ ನಗುತ್ತಿದ್ದಳು. ಮನಸ್ಸು ಹಗುರಾದಂತಿತ್ತು.

"ತಡವಾದರೂ ಎಲ್ಲ ಸರಿಹೋಯಿತಲ್ಲ, ಗುರುಗಳೇ. ಆ ಅಜ್ಜಿ ಬದುಕಿದಳು ತಾನೇ?"

ಗುರುಗಳು ಪ್ರೀತಿಯಿಂದ ಅವಳ ತಲೆಯ ಮೇಲೆ ಕೈಯಿಟ್ಟರು.

"ಬದುಕಿದಳು, ಮಗಳೇ. ಮೊದಲ ದಿನವೇ ಆಳುಗಳಲ್ಲಿ ಒಬ್ಬ ಕೂತು ಆ ನೀರು ಕೇಳಿದ್ದರೆ, ಪಕ್ಕದ ಗುಡಿಸಲಿನ ತಾಯಿಮಗಳೂ ಬದುಕುತ್ತಿದ್ದರು."